ಹಲೂ ನಕೋ

ಸಮೃದ್ಧಿಗೆ ಮೂರು ತುಂಬಿ ಮೂರು ತಿಂಗಳು.
ಮುಂದಿನ ನಾಕು ಹಲ್ಲು
ಹಂಚಿನ ಮ್ಯಾಲೆ ಮರತ ರೊಟ್ಟಿಯ ಅಂಚು.

"ಹಾಲ್ಹಲ್ಲು, ಬೀಳೂ ಹಲ್ಲು,
ಬೀಳೂದಕ್ಯಾಕ ರೊಕ್ಕ ಬಡೀತಿ?" ಅಂದ್ರು ಅತ್ತಿ,
ಸುಟ್ಟ ತಂಬಾಕಿನ ಮಿಶ್ರಿ ಡಬ್ಬಿ
ಎರಡು ಸಲ ನೆಲಕ್ಕ ಕುಟ್ಟಿ.

ಸರುವೊತ್ತಿನಾಗ ಎದ್ದು ಅತ್ತಳು, ಕೆನ್ನಿ ಉಬ್ಬಿ ಪುರಿ.
ಬೆಲ್ಲದ ಚಾ ಬಾಟ್ಲಿ ಬಾಯಾಗ ಇಟ್ಟೆ, ದಿನಾ ಇಡೂ ಹಂಗ.
ಅದರಿಂದ ಇದು ಅಂತ
ಯಾರು ಹೇಳಿದ್ರು ನನಗ?

ಮುಂಜಾನಿ ದುಧನಿ ಸ್ಟೇಶನ್ನು.
ಒಂದು ಕೈಯಾಗ ಅಕಿ, ಬಗಲಾಗ ಎಂಟು ತಿಂಗಳ ರೇವಣ್ಯಾ.
ಸೋಲಾಪುರದ ನವೀ ಪೇಠ, ಮಾಳಿಗಿ ಮ್ಯಾಲೆ ದವಾಖಾನಿ.
ಗೋಡಿಗೆ ಬ್ರಶ್ ಹಿಡಿದು ನಗೂ ಮೊಸಳಿ.
ತನ್ನಷ್ಟಕ್ಕ ತಾನ ಮಲಗೂ ಖುರ್ಚಿ ನೋಡಿ
ಸಮ್ಮಿ ನನ್ನ ಸೀರಿಯೊಳಗ ಹೊಕ್ಕಳು.

ಖುರ್ಚಿ ಬ್ಯಾಡ ಅಂದ್ರು ಡಾಕ್ಟರಬಾಯಿ.
ನನ್ನ ಎದುರಿಗೆ ಮೊಣಕಾಲಿಗೆ ಮೊಣಕಾಲು ಹಚ್ಚಿ ಕೂತ್ರು,
ಅಕಿ ಕಾಲು ನನ್ನ ತೊಡಿಗೆ, ತಲಿ ಅವರ ತೊಡಿಗೆ.
ಉಗುರಿನಷ್ಟು ಕನ್ನಡಿ ಹಿಡಿದು ಮೆತ್ತಗ ಅಂದ್ರು:
"ಹಲೂ ನಕೋ ಬಾಳಾ, ಹಲೂ ನಕೋ."

ಸಮ್ಮಿ ಚಿಟ್ಟನ ಚೀರಿದಳು:
"ಯವ್ವಾ, ಹಲ್ಲು ನಕೋ ಅಂತಾರ!
ನಂಗ ಬೇಕು! ನನ್ನ ಹಲ್ಲು ನಂಗ ಬೇಕು!"

ಅವರು ಅಂದದ್ದು ಅಲುಗಾಡಬ್ಯಾಡ.
ಇಕಿ ಕೇಳಿದ್ದು ಹಲ್ಲ ಬ್ಯಾಡ.
ಒಂದು ಒತ್ತು ಕಮ್ಮಿ, ಅಷ್ಟ ಫರಕು.

ಕಂಪೌಂಡರ್ ಅಕ್ಕಲಕೋಟಿ ಕಡಿಯಂವ, ಬಿಡಿಸಿ ಹೇಳಿದ.
ಡಾಕ್ಟರಬಾಯಿ ಮಾಸ್ಕು ಇಳಿಸಿ ನಕ್ಕರು.
ಅವರದೊಂದು ಹಲ್ಲು ಇನ್ನೊಂದರ ಹೆಗಲೇರಿ ಕೂತಿತ್ತು.
ಅದನ್ನ ನೋಡಕೋತ ಸಮ್ಮಿ ಅಳೂದು ಮರತಳು,
ತಾನಾಗೇ ಬಾಯಿ ತಗದಳು.

"ಬೀಳೂದು ಖರೇ, ಆದ್ರ ಅಲ್ಲೀತನಕ ಜಾಗಾ ಹಿಡದಿರತದ.
ಪ್ಯಾಸೆಂಜರ್ ಗಾಡಿ ಕಿಡಕಿಯಾಗಿಂದ
ಟಾವೆಲ್ ಒಗದು ಸೀಟು ಹಿಡೀತೀರಲ್ಲ, ಹಂಗ.
ಕೂಡೂವರು ಬರೂತನಕ ಎಳೀಬಾರದು.
ನಂದು ಅವಸರಲೇ ಎಳದಿದ್ರು, ನೋಡ್ರಿ."

ಹೇಳಿದ್ರು: ರಾತ್ರಿ ಬಾಟ್ಲಿಯಾಗ ನೀರಷ್ಟ.
ಹೇಳಿದ್ರು: ಮೊದಲ ಹಲ್ಲು ಮೂಡಿದಾಗ ಬರಬೇಕಿತ್ತು,
ನೋವಾದಾಗಲ್ಲ.
ಬೈಲಿಲ್ಲ. ಬೈದಿದ್ರ ಹಗುರಾಗತಿತ್ತು.

ಆಮ್ಯಾಲೆ ರೇವಣ್ಯಾನ ತುಟಿ ಇಳಿಸಿ ನೋಡಿದ್ರು.
ಕೆಳಗಿನ ವಸಡಿನಾಗ ಎರಡು ಜ್ವಾಳದ ಕಾಳು.
"ಇವನ್ನ ಯಾವ ಬೆರಳಿಂದ ಒರಸ್ತೀರಿ?"

ತೋರಿಸಿದೆ.
ಬಲಗೈ ತೋರಬೆರಳು. ತುದಿ ಕರಿ, ಉಗುರಿನ ಸಂದಿ ಕರಿ.
ಮೊದಲು ಅವ್ವನ ಡಬ್ಬಿ, ಆಮ್ಯಾಲೆ ಅತ್ತಿ ಡಬ್ಬಿ;
ಹೊಲಿಗಿ ಮಶಿನ್ನಿಗೆ ಕೂಡೂ ಮೊದಲು ಒಮ್ಮೆ,
ಹಸಿವಾದಾಗ ಒಮ್ಮೆ,
ಅಳು ಬಂದಾಗ ಲೆಕ್ಕಿಲ್ಲ.

ಡಾಕ್ಟರಬಾಯಿ ಮರಾಠಿಯಾಗ ಏನೋ ಅಂದ್ರು, ಸಣ್ಣ ದನಿಲೆ.
ಕಂಪೌಂಡರ್ ಅದನ್ನ ಕನ್ನಡ ಮಾಡಲಿಲ್ಲ.
ಮಾಡೂ ಜರೂರಿ ಇರಲಿಲ್ಲ.

ಹಿಂದಿರುಗೂ ಗಾಡಿ ಗಚ್ಚ ತುಂಬಿತ್ತು.
ಸಮ್ಮಿ ನನ್ನ ಹೆಗಲ ಮ್ಯಾಲಿಂದ ಬಾಗಿ
ತನ್ನ ಟೊಪಗಿ ಕಿಡಕಿಯಾಗ ಒಗದು ಕೂಗಿದಳು:
"ನನ್ನ ಹಲ್ಲು ಐತಿ ಅಲ್ಲಿ, ಕೂಡಬ್ಯಾಡ್ರಿ!"
ಒಬ್ಬ ಮುದುಕ ಎದ್ದು ಜಾಗಾ ಬಿಟ್ಟ.

ಚಾ ಇಲ್ಲದ ಬಾಟ್ಲಿಗೆ ನಾಕು ರಾತ್ರಿ ಅಕಿ ಅತ್ತಳು,
ಐದನೇ ರಾತ್ರಿ ನಾನು.
ಈಗ ವಟಾಣಿ ಕಾಳಿನಷ್ಟು ಪೇಸ್ಟು, ನಾನ ತಿಕ್ಕತೀನಿ.
ಅತ್ತಿ ನೋಡತಾರ, ಮಾತಾಡೂದಿಲ್ಲ.

ರೇವಣ್ಯಾಗ, ಕುದಿಸಿದ ಅರಿವಿ
ಎಡಗೈ ಬೆರಳಿಗೆ ಸುತ್ತಿ ಒರಸ್ತೀನಿ.
ಬಲಗೈದು ಇನ್ನೂ ಡಬ್ಬಿ ಬಿಟ್ಟಿಲ್ಲ,
ಸುಳ್ಳು ಯಾಕ ಹೇಳಲಿ.

ನಿನ್ನೆ ಎಡಗೈ ಬೆರಳು ಕಚ್ಚಿದ.
ಎರಡು ಸಣ್ಣ ಗೆರಿ.
ಬಲಗೈ ಆಗಲೇ ಡಬ್ಬಿ ಕಡೆ ಹೊಂಟಿತ್ತು.
ಹಲೂ ನಕೋ, ಅಂದೆ ಅದಕ್ಕ.
ಸ್ವಲ್ಪ ಹೊತ್ತು ನಿಂತಿತು.